‘ಸಿಗಲಿಲ್ಲ’ ಅಂದ್ರೆ ‘ಇಲ್ಲ’ ಅಂತಲ್ಲ (ಭಾಗ 3)

ಡಿಸರ್ಟೇಶನ್ ಸೀಸನ್ ಶುರುವಾಗಿದೆ. ನಮ್ಮ ಗ್ರೂಪಲ್ಲಿ ಓಡಾಡ್ತಿರೋ ಡ್ರಾಫ್ಟುಗಳಲ್ಲಿ ಮತ್ತೆ ಮತ್ತೆ ಅದೇ ವಾಕ್ಯ: ‘ಈ ವಿಷಯದ ಬಗ್ಗೆ ಇದುವರೆಗೆ ಸಂಶೋಧನೆ ನಡೆದಿಲ್ಲ.’

ಯಾರು ಹೇಳಿದ್ರು? ಗೂಗಲ್ ಸ್ಕಾಲರ್. ಎಷ್ಟು ಹೊತ್ತು ಹುಡುಕಿದ್ರಿ? ಹತ್ತು ನಿಮಿಷ!

ನಗ್ತಿಲ್ಲ ನಾನು. ಹೋದ ವರ್ಷ ಧಾರವಾಡ ಕನ್ನಡದ ಬಗ್ಗೆ ನಾನೂ ಇದನ್ನೇ ಬರೆದಿದ್ದೆ. ಗೈಡ್ ಬೈಲಿಲ್ಲ, ಅಂಚಿನಲ್ಲಿ ಒಂದು ಹೆಸರು ಬರೆದುಕೊಟ್ರು: ವಿಲಿಯಂ ಮೆಕಾರ್ಮಕ್. ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಬಗ್ಗೆ ಅವರ ಲೇಖನ ಬಂದಿದ್ದು 1960ರಲ್ಲಿ! ಅದರ ಶೀರ್ಷಿಕೆಯಲ್ಲಿ ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಮುಗಿಯೋದು ‘ಡಿ’ಯಿಂದ ಅಲ್ಲ, ‘ಆರ್’ನಿಂದ. ನಾನು ಹಾಕಿದ್ದು ‘ಡಿ’ ಮಾತ್ರ.

ಸ್ಕಾಲರ್ ಕೆಟ್ಟದ್ದು ಅಂತ ಹೇಳ್ತಿಲ್ಲ. ಒಂದು ಲೇಖನ ಸಿಕ್ಕಿದ್ರೆ, ಅದನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದ್ದಾರೆ ಅಂತ ಒಂದೇ ಕ್ಲಿಕ್ಕಲ್ಲಿ ತೋರಿಸುತ್ತೆ. ಆದರೆ ಫಲಿತಾಂಶ ಜೋಡಿಸುವಾಗ ಉಲ್ಲೇಖಗಳ ಸಂಖ್ಯೆಯನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ. ಹೆಚ್ಚು ಜನ ಹೆಸರಿಸಿದ್ದು ಮೇಲೆ ಬರುತ್ತೆ, ನಮ್ಮ ಲೈಬ್ರರಿ ಕಪಾಟಿನಲ್ಲಿ ಸುಮ್ಮನೆ ಕೂತಿರೋದು ಕೆಳಗೆ ಹೋಗುತ್ತೆ, ಇಲ್ಲಾ ಬರೋದೇ ಇಲ್ಲ. ಡಿ.ಎನ್. ಶಂಕರ ಭಟ್ಟರು ಇಂಗ್ಲಿಷಿನಲ್ಲೂ ಬರೆದರು, ಕನ್ನಡದಲ್ಲೂ ಬರೆದರು. ಇಂಗ್ಲಿಷ್ ಪುಸ್ತಕಗಳನ್ನಷ್ಟೇ ನೋಡಿ ಅವರನ್ನು ಓದಿದ್ದೀನಿ ಅನ್ನೋದು ಅರ್ಧ ಸತ್ಯ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಅವರು ವಾದ ಹೂಡಿದ್ದು ಕನ್ನಡದಲ್ಲೇ.

ಅದಕ್ಕೇ, ‘ನಡೆದಿಲ್ಲ’ ಅಂತ ಬರೆಯೋ ಮುಂಚೆ ಇಷ್ಟು ಮಾಡಿ:

1. ಕನ್ನಡ ಲಿಪಿಯಲ್ಲೂ ಟೈಪ್ ಮಾಡಿ ಹುಡುಕಿ.
2. ಹಳೇ ಹೆಸರು ಹಾಕಿ. ನಮ್ಮ ಭಾಷೆ ಒಂದು ಕಾಲಕ್ಕೆ ‘ಕೆನರೀಸ್’ ಆಗಿತ್ತು. ಅದಕ್ಕೂ ಎರಡು ಸ್ಪೆಲ್ಲಿಂಗ್: ‘ಸಿ’ಯಿಂದ ಒಂದು, ‘ಕೆ’ಯಿಂದ ಒಂದು.
3. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ನೋಡಿ. ಕನ್ನಡದಲ್ಲಿ ಬರೆದವೂ ಅಲ್ಲಿವೆ.
4. ಸಿಕ್ಕ ಲೇಖನದ ಕೊನೆಯ ಗ್ರಂಥಋಣ ಓದಿ. ಅಲ್ಲಿಂದ ಹಿಂದಕ್ಕೆ ನಡೀರಿ.
5. ಲೈಬ್ರರಿಗೆ ಹೋಗಿ. ಹೌದು, ಕಾಲಲ್ಲಿ ನಡ್ಕೊಂಡು.

‘ಅಷ್ಟೆಲ್ಲಾ ಟೈಮ್ ಎಲ್ಲಿದೆ?’ ಅಂತೀರಾ? ಹಾಗಾದ್ರೆ ಇದ್ದದ್ದು ಇದ್ದಹಾಗೆ ಬರೀರಿ: ‘ಇಂಥ ಕಡೆ, ಇಂಥ ಪದ ಹಾಕಿ ಹುಡುಕಿದೆ, ಸಿಗಲಿಲ್ಲ.’ ಅದು ಪ್ರಾಮಾಣಿಕ ವಾಕ್ಯ, ಅದರಲ್ಲಿ ನಾಚಿಕೆಪಡೋದು ಏನೂ ಇಲ್ಲ. ‘ನಡೆದಿಲ್ಲ’ ಅನ್ನೋದು ತೀರ್ಪು. ನಾಳೆ ಜೂನಿಯರ್ ಒಬ್ಬರು ನಿಮ್ಮನ್ನೇ ನಂಬಿ ಅದನ್ನೇ ಕಾಪಿ ಮಾಡ್ತಾರೆ. ಊರೂರು ಅಲೆದು ಮಾತು ಬರೆದುಕೊಂಡವರ ಕೆಲಸ ಅಳಿಸಿಹೋಗೋದು ಹೀಗೆ. ಅಳಿಸೋದು ಗೂಗಲ್ ಅಲ್ಲ, ನಾವೇ.

ನಿಮ್ಮ ಡ್ರಾಫ್ಟಲ್ಲಿ ಆ ವಾಕ್ಯ ಇದೆಯಾ? ಇವತ್ತೇ ತೆಗೀರಿ. ವಿಷಯ ಏನು ಅಂತ ಕಾಮೆಂಟಲ್ಲಿ ಹಾಕಿ, ಎಲ್ಲರೂ ಸೇರಿ ಹುಡುಕೋಣ.

#ಭಾಷಾವಿಜ್ಞಾನ #ಕನ್ನಡಸಂಶೋಧನೆ #ಹುಡುಕಿಬರೀರಿ