ಕನ್ನಡಕ್ಕೆ ಒಂದೇ ಯಂತ್ರದ ಹಂಗೇಕೆ?

ಕನ್ನಡದ ತರುಣರೇ,

ಒಂದು ಕಂಪ್ಯೂಟರಿಗೆಂದು ಬರೆದ ಪ್ರೋಗ್ರಾಂ ಇನ್ನೊಂದರಲ್ಲಿ ಓಡದಿದ್ದರೆ ಏನಾಗುತ್ತದೆ? ಯಂತ್ರ ಹಳತಾದ ದಿನ ನಿಮ್ಮ ದುಡಿಮೆಯೂ ಗುಜರಿಗೆ ಹೋಗುತ್ತದೆ!

ಈ ಬೇಡಿ ಕಳಚಲು ಜಗತ್ತು ಬಹಳ ಹೆಣಗಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ೧೯೬೯ರಲ್ಲಿ ಆರಂಭವಾದ ಯೂನಿಕ್ಸ್, ಮೊದಲು ಒಂದು ಯಂತ್ರದ ಸಂಕೇತಕ್ಕೇ ಕಟ್ಟುಬಿದ್ದಿತ್ತು. ೧೯೭೩ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ರಿಚಿಯವರ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಆಮೇಲೆ ಹೊಸ ಯಂತ್ರಕ್ಕೊಂದು ಸಿ ಕಂಪೈಲರ್ ಸಿದ್ಧಪಡಿಸಿ, ಕೆಲವು ಭಾಗ ತಿದ್ದಿದರೆ ಯೂನಿಕ್ಸ್ ಅಲ್ಲಿಗೂ ಹೊರಡುತ್ತಿತ್ತು. ೧೯೯೫ರಲ್ಲಿ ಸನ್ ಕಂಪನಿಯ ಜಾವಾ ಬಂತು. ಅದು ಪ್ರೋಗ್ರಾಂ ಅನ್ನು ಬೈಟ್‌ಕೋಡ್ ಎಂಬ ನಡುವಣ ರೂಪಕ್ಕೆ ಇಳಿಸಿ, ಪ್ರತಿಯೊಂದು ಯಂತ್ರದಲ್ಲೂ ಅದನ್ನು ಓದುವ ದುಭಾಷಿಯನ್ನು ಕೂರಿಸಿತು. ಒಮ್ಮೆ ಬರೆ, ಎಲ್ಲೆಡೆ ಓಡಿಸು ಎಂಬುದೇ ಅವರ ಘೋಷಣೆ.

ಇದು ಅಮೆರಿಕದ ಮಾತು, ನಮಗೇನು ಎನ್ನಬೇಡಿ. ಅಚ್ಚಿನ ಮನೆ ನಡೆಸುವ ನನಗೆ ಇದರ ಬಿಸಿ ದಿನವೂ ತಟ್ಟುತ್ತದೆ.

ಪೆನ್‌ಡ್ರೈವಿನಲ್ಲಿ ಒಂದು ಕವನ ಸಂಕಲನ ಬರುತ್ತದೆ. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಕಾರಣ ಸರಳ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಬಾಡಿಗೆಗೆ ಇಟ್ಟಿದ್ದವು. ಒಂದೊಂದು ಫಾಂಟಿನದು ಒಂದೊಂದು ಜೋಡಣೆ. ಆ ಫಾಂಟ್ ಇಲ್ಲದ ಕಡೆ ಕನ್ನಡವೇ ಇಲ್ಲ.

೧೯೯೧ರಲ್ಲಿ ಬಂದ ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ೧೨೮ ಸ್ವಂತ ಮನೆಗಳನ್ನು ಮೀಸಲಿಟ್ಟಿತು. 'ಕ' ಅಕ್ಷರದ ಸಂಖ್ಯೆ ೩೨೨೧. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ನಿಮ್ಮ ಜೇಬಿನ ಮೊಬೈಲ್ ಇರಲಿ, ಅದೇ ಸಂಖ್ಯೆ. ಜಾವಾ ಭಾಷೆ ಹುಟ್ಟುವಾಗಲೇ ಯೂನಿಕೋಡನ್ನು ಒಪ್ಪಿಕೊಂಡಿತು. ಆದರೆ ನಮ್ಮ ಕಸುಬಿನಲ್ಲಿ ಇನ್ನೂ ಪೇಜ್‌ಮೇಕರ್ ಬಿಡದವರಿದ್ದಾರೆ. ಅದರ ಕೊನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಇದು ಯಾರ ಸೋಮಾರಿತನ?

ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಎರಡೂ ಹುಟ್ಟಿದ್ದು ವಿಂಡೋಸಿಗಾಗಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನೋಡಿ! ಅದು ಲಿನಕ್ಸಿನಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಯಾವ ಕೀಲಿಗೆ ಯಾವ ಅಕ್ಷರ ಎಂಬ ನಿಯಮ ಎಲ್ಲರಿಗೂ ತಿಳಿದಿದ್ದರಿಂದ, ಯಾರು ಬೇಕಾದರೂ ಯಾವ ಯಂತ್ರಕ್ಕೆ ಬೇಕಾದರೂ ಅದನ್ನು ಅಳವಡಿಸಲು ಸಾಧ್ಯವಾಯಿತು.

ಬೆಂಗಳೂರಿನ ಕಂಪನಿಗಳಲ್ಲಿ ಪರದೇಶದ ಬ್ಯಾಂಕಿಗೆ ಎಲ್ಲೆಡೆ ಓಡುವ ತಂತ್ರಾಂಶ ಬರೆಯುವ ಗೆಳೆಯರೇ, ಆ ಜಾಣ್ಮೆಯಲ್ಲಿ ಒಂದು ಪಾಲನ್ನು ತಾಯ್ನುಡಿಗೂ ಕೊಡಿ. ಕನ್ನಡದ ನಿಘಂಟು, ಕಾಗುಣಿತ ತಿದ್ದುವ ತಂತ್ರಾಂಶ ಬರೆಯುವಾಗ ಎಲ್ಲ ಯಂತ್ರಗಳಲ್ಲೂ ಓಡುವಂತೆ ಬರೆಯಿರಿ. ಅದರ ಮೂಲ ಸಂಕೇತವನ್ನು ಮುಚ್ಚಿಡಬೇಡಿ. ನೀವು ಕೈಬಿಟ್ಟರೂ ಮತ್ತೊಬ್ಬ ಮುಂದುವರಿಸಲಿ. ನಮ್ಮ ತೆರಿಗೆ ಹಣದಲ್ಲಿ ಕನ್ನಡ ತಂತ್ರಾಂಶ ಮಾಡಿಸುವ ಸರ್ಕಾರವೂ ಇದೇ ಷರತ್ತು ಹಾಕಲಿ.

ಉಳಿದವರಿಗೂ ಕೆಲಸವಿದೆ. ಮುಂದಿನ ಸಲ ಸಂಘದ ಕರಪತ್ರವನ್ನು ಅಚ್ಚಿಗೆ ಕೊಡುವಾಗ ಯೂನಿಕೋಡಿನಲ್ಲೇ ಕೊಡಿ. ಆಗುವುದಿಲ್ಲ ಎನ್ನುವ ಪ್ರೆಸ್ಸಿನವನನ್ನು ಏಕೆ ಎಂದು ನಿಲ್ಲಿಸಿ ಕೇಳಿ. ನನ್ನನ್ನೂ ಬಿಡಬೇಡಿ!