ದೊಡ್ಡ ಹೂವೋ, ಸಣ್ಣ ಹೂವೋ?

ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ, ನೋಡಬಂದ ದಂಪತಿಗಳ ಅಭಿರುಚಿಯ ಪರೀಕ್ಷೆಯೂ ಜೊತೆಯಲ್ಲೇ ನಡೆದುಹೋಗುತ್ತದೆ. ಆರ್ಕಿಡ್‌ಗಳ ಸಾಲಿಗೆ ಬಂದೊಡನೆ ಯಜಮಾನರು ಅಂಗೈಯಗಲದ ಹೂವಿನ ಮುಂದೆ ನಿಂತುಬಿಡುತ್ತಾರೆ. ಗೃಹಿಣಿಯಾದರೋ ಮೂಲೆಯ ಕುಂಡದತ್ತ ಬಾಗಿ, ಕನ್ನಡಕ ಸರಿಪಡಿಸಿಕೊಂಡು, ಕಂಡೂ ಕಾಣದ ಹೂಗೊಂಚಲೊಂದನ್ನು ನೋಡುತ್ತಿರುತ್ತಾಳೆ.

“ಇಷ್ಟು ದೂರ ಬಂದು ಇದನ್ನೇನೇ ನೋಡುವುದು?”

“ಅದು ತಾನಾಗಿ ಕಣ್ಣಿಗೆ ಬೀಳುತ್ತದೆ. ಇದನ್ನು ನಾವೇ ಹುಡುಕಬೇಕು, ನೋಡಿ!”

ಯಾರ ರುಚಿ ಮೇಲು?

ದೊಡ್ಡ ಹೂವಿನ ಪಕ್ಷಕ್ಕೆ ಬಲವಾದ ಸಾಕ್ಷಿ ಕ್ಯಾಟ್ಲೇಯ. 1818ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ಯಾಟ್ಲಿಯವರ ಗಾಜಿನ ಮನೆಯಲ್ಲಿ ಬ್ರೆಜಿಲಿನಿಂದ ಬಂದ ಗಿಡವೊಂದು ಅರಳಿತು. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅದಕ್ಕೆ ಒಡೆಯನ ಹೆಸರನ್ನೇ ಇಟ್ಟರು. ಗೇಣಿಗೆ ಹತ್ತಿರವಾದ ಅಗಲ, ನೆರಿಗೆ ಹಿಡಿದಂತಹ ತುಟಿದಳ! ಆ ಶತಮಾನದಲ್ಲಿ ಯೂರೋಪಿನ ಸಿರಿವಂತರಿಗೆ ಆರ್ಕಿಡ್ ಹುಚ್ಚು ಹಿಡಿಯಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಗಿಡಕ್ಕಾಗಿ ಮರಗಳನ್ನೇ ಉರುಳಿಸಿದರು. ಆರ್ಕಿಡ್‌ನ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಬುತ್ತಿಯಿಲ್ಲ. ಕಾಡಿನಲ್ಲಿ ಶಿಲೀಂಧ್ರವೊಂದು ಉಣಿಸಿದರೆ ಮಾತ್ರ ಮೊಳಕೆ. 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ಸಕ್ಕರೆ ಬೆರೆಸಿದ ಲೋಳೆಯಲ್ಲಿ ಬೀಜ ಮೊಳೆಸುವ ಬಗೆಯನ್ನು ಪ್ರಕಟಿಸಿದ ಮೇಲೆ, ದೊಡ್ಡ ಹೂ ಗಾಜಿನ ಸೀಸೆಯಲ್ಲೇ ಹುಟ್ಟತೊಡಗಿತು.

ಸಣ್ಣ ಹೂವಿನ ಪಕ್ಷಕ್ಕೆ ಸಾಕ್ಷಿ ಹುಡುಕಲು ಕಡಲು ದಾಟಬೇಕಿಲ್ಲ. ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಮರಗಳ ಮೇಲೆ ಸೀತಾಳೆ ದಂಡೆ ತೂಗಾಡುತ್ತದೆ. ಬಿಡಿ ಹೂವು ಬೆರಳ ತುದಿಯಷ್ಟೇ. ಆದರೆ ಒಂದು ದಂಡೆಯಲ್ಲಿ ನೂರಕ್ಕೂ ಮಿಕ್ಕಿ ಹೂಗಳು. ಅಸ್ಸಾಮಿನ ಹೆಂಗಳೆಯರು ಬಿಹು ನೃತ್ಯಕ್ಕೆ ಮುಡಿಯುವುದೂ ಇದನ್ನೇ. ನಮ್ಮ ಘಟ್ಟಗಳ ಓಬೆರೋನಿಯ ಇನ್ನೂ ಸಣ್ಣದು. ಹೂವಿನಗಲ ಒಂದೆರಡು ಮಿಲಿಮೀಟರು. ಭೂತಗನ್ನಡಿ ಹಿಡಿದರೆ ಅಲ್ಲಿಯೂ ಕ್ಯಾಟ್ಲೇಯದ ಲೆಕ್ಕವೇ: ಹೊರಗೆ ಮೂರು ಎಸಳು, ಒಳಗೆ ಎರಡು, ನಡುವೆ ಒಂದು ತುಟಿ. ಪ್ರಕೃತಿ ಅಳತೆಯನ್ನು ಕುಗ್ಗಿಸಿದೆಯೇ ಹೊರತು ಕುಸುರಿಯನ್ನಲ್ಲ.

ಆದರೆ ರುಚಿಗಿಂತ ದೊಡ್ಡ ಪ್ರಶ್ನೆಯೊಂದಿದೆ. ಸಸ್ಯಾಲಯದಲ್ಲಿ ಬೆಳೆಸಿದ ದೊಡ್ಡ ಹೂವಿನ ಗಿಡವನ್ನು ಕೊಂಡರೆ ಯಾವ ಕಾಡಿನ ಕೊಂಬೆಯೂ ಬರಿದಾಗದು. ಪ್ರವಾಸ ಹೋದವರು “ಚೆನ್ನಾಗಿದೆ” ಎಂದು ಮರದಿಂದ ಕಿತ್ತು ತರುವ ಸಣ್ಣ ಹೂವಿನ ಗತಿ ಬೇರೆ. ತೊಗಟೆಗೆ ಅಂಟಿ, ಮಂಜನ್ನೂ ಮಳೆಯನ್ನೂ ಹೀರಿ ಬದುಕಿದ ಬೇರುಗಳು ಪಟ್ಟಣದ ಒಣ ಜಗಲಿಯಲ್ಲಿ ಬಾಡುತ್ತವೆ. ಅತ್ತ ಬರಿದಾದ ಕೊಂಬೆಯಲ್ಲಿ ಇನ್ನೊಂದು ಗಿಡ ಬೀಜದಿಂದ ಎದ್ದು ಹೂ ಬಿಡಲು ವರ್ಷಗಳೇ ಬೇಕು.

ಆದುದರಿಂದ ದಂಪತಿಗಳು ರಾಜಿಯಾಗುವುದು ಕಷ್ಟವಲ್ಲ. ಯಜಮಾನರ ದೊಡ್ಡ ಹೂವು ಮನೆಯ ಕಿಟಕಿಯಲ್ಲಿರಲಿ. ಗೃಹಿಣಿಯ ಸಣ್ಣ ಹೂವು ಮಲೆನಾಡಿನ ಮರದಲ್ಲೇ ಇರಲಿ. ಒಂದನ್ನು ಕರೆತರಬಹುದು, ಇನ್ನೊಂದರ ಬಳಿಗೆ ನಾವೇ ಹೋಗಬೇಕು. ವರ್ಷಕ್ಕೊಮ್ಮೆ ಮುಂಗಾರಿನಲ್ಲಿ ಮಲೆನಾಡಿಗೆ ಹೋಗಿಬರಲು ಇದಕ್ಕಿಂತ ಒಳ್ಳೆಯ ನೆಪ ಯಾವ ಗೃಹಿಣಿಗೆ ಸಿಕ್ಕೀತು?