ಮಾರುವುದಿಲ್ಲವೆಂದು ಮಾತು ಕೊಟ್ಟ ಮೇಲೆ

ಮದುವೆಯ ರೇಷ್ಮೆ ಸೀರೆಯನ್ನು ಉಡದೆ ಹತ್ತು ವರ್ಷ ಕಪಾಟಿನಲ್ಲಿ ಮಡಿಚಿಟ್ಟರೆ ಅದು ಮಡಿಕೆಯಲ್ಲೇ ಹರಿದಿರುತ್ತದೆ. ಕೊಳ್ಳುವವರು ಯಾರು? ಆದರೆ ಓಡಿಸದೆ ಇಟ್ಟಷ್ಟೂ ಬೆಲೆ ಬರುವ ಕಾರುಗಳಿವೆ. ಮೀಟರಿನಲ್ಲಿ ಅಂಕಿ ಕಡಿಮೆಯಿದ್ದಷ್ಟೂ ಮಾಲೀಕನಿಗೆ ಲಾಭ. ಕಂಪೆನಿ ಲೆಕ್ಕ ಹಾಕಿ ಕೆಲವನ್ನೇ ತಯಾರಿಸುವ ಕಾರುಗಳ ಕಥೆ ಇದು.

ಅಮೆರಿಕದ ಫೋರ್ಡ್ ಕಂಪೆನಿ 2017ರ ಮಾದರಿಯಾಗಿ ತಂದ ಫೋರ್ಡ್ ಜಿಟಿ ಅಂಥದೊಂದು. ಎರಡೇ ಸೀಟು, ಬೆಲೆ ಸುಮಾರು 4.5 ಲಕ್ಷ ಡಾಲರ್. (ಹೆಸರಿಗೆ ಅಮೆರಿಕದ ಕಾರು, ಕಟ್ಟಿದ್ದು ಕೆನಡಾದಲ್ಲಿ!) ಮೊದಲು ಹೇಳಿದ್ದು 500 ಕಾರು, ಬಂದ ಅರ್ಜಿಗಳು 6,500ಕ್ಕೂ ಹೆಚ್ಚು. ಹಣವಿದ್ದರೆ ಸಾಲದು, ಕಂಪೆನಿಯೇ ನಿಮ್ಮನ್ನು ಆರಿಸಬೇಕು. ಆಯ್ಕೆಯಾದವರು 24 ತಿಂಗಳು ಕಾರನ್ನು ಮಾರುವುದಿಲ್ಲವೆಂದು ಒಪ್ಪಬೇಕಿತ್ತು. ಇಂದು ಕೊಂಡು ನಾಳೆ ದುಪ್ಪಟ್ಟಿಗೆ ಮಾರುವವರನ್ನು ತಡೆಯುವ ಉಪಾಯವದು.

ಕುಸ್ತಿಪಟುವೂ ನಟನೂ ಆದ ಜಾನ್ ಸೀನಾ ಆಯ್ಕೆಯಾದವರಲ್ಲಿ ಒಬ್ಬರು. 2017ರ ಸೆಪ್ಟೆಂಬರಿನಲ್ಲಿ ಕಾರು ಕೈಗೆ ಬಂತು, ಅಕ್ಟೋಬರಿನಲ್ಲಿ ಮಾರಾಟವಾಗಿಯೇ ಹೋಯಿತು. ಖರ್ಚುಗಳಿಗಾಗಿ ಮಾರಿದೆನೆಂದು ಅವರು ತಿಳಿಸಿದ್ದಾಗಿ ಫೋರ್ಡ್ ಹೇಳಿ, ಮೊಕದ್ದಮೆ ಹೂಡಿತು. ಕೊನೆಗೆ ಸಹಿ ಮಾಡಿದ ಕಾಗದದಲ್ಲಿ ಅಂಥ ಷರತ್ತೇ ಇರಲಿಲ್ಲ ಎಂಬುದು ಸೀನಾ ಅವರ ಕಡೆಯ ವಾದ.

ಹಣ ಕೊಟ್ಟು ಕೊಂಡದ್ದು ನನ್ನದು, ಮಾರುವುದು ನನ್ನಿಷ್ಟ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಕಂಪೆನಿಯ ಷರತ್ತು ಬಿಗಿಯಾಯಿತೆಂದು ನನಗೂ ಅನಿಸುತ್ತದೆ. ಆದರೆ ಆರು ಸಾವಿರ ಜನ ಬರಿಗೈಯಲ್ಲಿ ಹಿಂದಿರುಗಿದಾಗ ಇವರಿಗೆ ಸರದಿ ಸಿಕ್ಕಿದ್ದು ಆ ಮಾತು ಕೊಟ್ಟದ್ದರಿಂದಲೂ ಅಲ್ಲವೇ? ಅದು ಕಷ್ಟವೆನಿಸಿದರೆ ಕಾರು ಕೊಳ್ಳುವ ಮುಂಚೆ ಬೇಡವೆನ್ನಬಹುದಿತ್ತು. ಸಹಿ ಯಾವ ಕಾಗದದಲ್ಲಿತ್ತು ಎಂಬುದು ವಕೀಲರ ಚರ್ಚೆ.

2018ರ ಜೂನಿನಲ್ಲಿ ರಾಜಿಯಾಯಿತು. ಸೀನಾ ಕ್ಷಮೆ ಕೇಳಿದರು, ರಾಜಿಯ ಹಣ ದಾನಕ್ಕೆ ಹೋಯಿತು.

ಅದಕ್ಕೆ ಒಂದು ತಿಂಗಳ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಮತ್ತೊಂದು ಜಿಟಿ ಹರಾಜಿಗೆ ಬಂದಿತ್ತು. ತಂದವರು ಅದರ ಎರಡನೆಯ ಮಾಲೀಕರು. ಫೋರ್ಡ್ ತಡೆಯಾಜ್ಞೆ ಕೇಳಿತು, ನ್ಯಾಯಾಲಯ ಕೊಡಲಿಲ್ಲ. ಕಮಿಷನ್ ಬಿಟ್ಟು 16.5 ಲಕ್ಷ ಡಾಲರಿಗೆ ಕಾರು ಹೋಯಿತು. ಫೋರ್ಡ್ ಬಿಡದೆ ಹರಾಜು ಸಂಸ್ಥೆಯ ಬೆನ್ನು ಹತ್ತಿತು. ಎರಡು ವರ್ಷ ತುಂಬದ ಜಿಟಿಗಳನ್ನು ಕಂಪೆನಿಯ ಒಪ್ಪಿಗೆಯಿಲ್ಲದೆ ಇನ್ನು ಹರಾಜಿಗಿಡುವುದಿಲ್ಲವೆಂದು ಅದೇ ಆಗಸ್ಟಿನಲ್ಲಿ ಆ ಸಂಸ್ಥೆ ಒಪ್ಪಿಕೊಂಡಿತು.